ಮಡಚುವ ಸೈಕಲ್ಲಿನ ನೆಗ್ಗು

ಸತ್ತವನ ಮಗನ ಮುಷ್ಟಿ ಮೇಜರ್‌ನ ಬಾಯಿಗೆ ಬಿದ್ದ ಸದ್ದು ಒಳಗೆ ಹೆಣದ ಪಕ್ಕ ಕೂತಿದ್ದ ಹೆಂಗಸರಿಗೂ ಕೇಳಿಸಿತು. ಮೇಜರ್ ಹಿಡಿದಿದ್ದ ಸೈಕಲ್ಲನ್ನು ಬಿಡದೆಯೇ ಹಿಂದಕ್ಕೆ ಉರುಳಿದ. ಅವನ ಮೇಲೆ ಸೈಕಲ್ಲು ಬಿತ್ತು, ಸೈಕಲ್ಲಿನ ಮೇಲೆ ಮಗ ಬಿದ್ದ. ಖಾಕಿ ತೊಟ್ಟ ನಾಲ್ಕೈದು ಜನ ಓಡಿಬಂದು ಮೂರನ್ನೂ ಬೇರೆ ಮಾಡುವಷ್ಟರಲ್ಲಿ ಮೇಜರ್‌ನ ಕೆಳತುಟಿ ಸೀಳಿ, ರಕ್ತ ಗಲ್ಲದಿಂದ ಇಳಿದು ಕೊರಳಪಟ್ಟಿಯ ಹಿತ್ತಾಳೆ ಬಿಲ್ಲೆಯ ಮೇಲೆ ತೊಟ್ಟಿಕ್ಕುತ್ತಿತ್ತು.

"ಸೈಕಲ್ ನೋಡ್ರೋ, ಸೈಕಲ್‌ಗೇನಾದ್ರೂ ಆಯ್ತಾ?" ಬಾಯಲ್ಲಿ ರಕ್ತ ತುಂಬಿಕೊಂಡು ಅವನು ಆಡಿದ ಮೊದಲ ಮಾತು ಅದು.

ಮಗ ಏದುಸಿರು ಬಿಡುತ್ತ ನಕ್ಕ. "ಕೇಳಿಸ್ಕೊಂಡ್ರಾ? ತನ್ನ ಹಲ್ಲು ಹೋದ್ರೂ ಪರವಾಗಿಲ್ಲ, ಸೈಕಲ್ಲಿಗೆ ಏನೂ ಆಗಬಾರದು. ನಮ್ಮಪ್ಪನ ಗೆಳೆಯ ಅಂದ್ರೆ ಹೀಗೇ ಇರಬೇಕು."

ಮೇಜರ್ ಯಾವ ಸೈನ್ಯದಲ್ಲೂ ಇದ್ದವನಲ್ಲ. ಅವನು ಹಲ್ಲಿನ ಡಾಕ್ಟರು. ಹಳೆಯ ಸೈನ್ಯದ ಸೈಕಲ್ಲುಗಳನ್ನು ಕೂಡಿಡುವವರ ಸಂಘಕ್ಕೆ ಅಧ್ಯಕ್ಷನಾಗಿದ್ದರಿಂದ ಆ ಹೆಸರು ಬಂದಿತ್ತು. ಸತ್ತವನನ್ನು ಖಾಕಿ ತೊಟ್ಟ ಈ ಸಂಘದವರು ಕ್ಯಾಪ್ಟನ್ ಎನ್ನುತ್ತಿದ್ದರು. ಅವನೂ ಸೈನ್ಯದವನಲ್ಲ, ಕ್ಷೌರಿಕ. ಆದರೆ ಅವರೆಲ್ಲರ ಹತ್ತಿರ ಇದ್ದ ಸೈಕಲ್ಲುಗಳು ಮಾತ್ರ ನಿಜವಾಗಿಯೂ ಯುದ್ಧಕ್ಕೆ ಹೋಗಿಬಂದವು. ಅವು ಇವತ್ತು ಬಂದೂಕಿನ ಕೊಂಡಿ, ಚರ್ಮದ ಚೀಲಗಳ ಸಮೇತ ಕಾಂಪೌಂಡಿನ ಗೋಡೆಗೆ ಸಾಲಾಗಿ ಒರಗಿದ್ದವು. ಮೇಜರ್ ಹಿಡಿದಿದ್ದ ಕ್ಯಾಪ್ಟನ್ನನ ಸೈಕಲ್ಲನ್ನು ಹೆಣದ ಗಾಡಿಯ ಮುಂಭಾಗಕ್ಕೆ ಕಟ್ಟುವುದು, ಉಳಿದವರು ಹಿಂದೆ ತುಳಿದುಕೊಂಡು ಹೋಗುವುದು, ಆಮೇಲೆ ಅದನ್ನು ಸಂಘದ ಕೋಣೆಯ ಗಾಜಿನ ಪೆಟ್ಟಿಗೆಯಲ್ಲಿ ಇಡುವುದು ಎಂದು ಮಾತಾಗಿತ್ತು. ಪೆಟ್ಟಿಗೆಯ ಪಕ್ಕ ನಿಲ್ಲಿಸಲು ಒಂದು ಬೋರ್ಡನ್ನೂ ಬರೆಸಿ ತಂದಿದ್ದರು. 'ಯುದ್ಧದಲ್ಲಿ ಗಾಯಗೊಂಡ ಸೈಕಲ್ಲು. ಗುಂಡಿನ ಚೂರು ತಗುಲಿದ ಗುರುತನ್ನು ದಯವಿಟ್ಟು ಮುಟ್ಟಬೇಡಿ.'

ಎಷ್ಟೋ ವರ್ಷಗಳ ಮೇಲೆ ಮನೆಗೆ ಬಂದಿದ್ದ ಮಗ ಗೇಟು ದಾಟುತ್ತಿದ್ದಂತೆ ಮೊದಲು ಓದಿದ್ದು ಆ ಬೋರ್ಡನ್ನು. ಅಪ್ಪನ ಮುಖ ನೋಡುವ ಮೊದಲೇ ಅವನು ಅಪ್ಪನ ಗೆಳೆಯನ ಮುಖಕ್ಕೆ ಗುದ್ದಿದ್ದ.

ಈಗ ಅವನು ಗೇಟಿನ ಕಬ್ಬಿಣದ ಅಗುಳಿಯನ್ನು ಎಳೆದು ಬಲಗೈಯಲ್ಲಿ ಹಿಡಿದುಕೊಂಡ. ಎಡಗೈ ಮೊಣಕೈ ಹತ್ತಿರ ಮಡಚಿಕೊಂಡೇ ಇತ್ತು. ಅದು ನೇರವಾಗುವ ಕೈಯಲ್ಲ. ಅಕ್ಕ ಓಡಿಬಂದು ಅವನಿಗೂ ಸೈಕಲ್ಲಿಗೂ ನಡುವೆ ನಿಂತಳು.

"ಒಳಗೆ ಹೆಣ ಇದೆ ಕಣೋ. ಜನ ಇದ್ದಾರೆ. ಮಾನ ಮರ್ಯಾದೆ ಇಲ್ವಾ ನಿನಗೆ?"

"ಹೆಣ ಇರೋದ್ರೊಳಗೇ ಆಗಬೇಕು ಅಕ್ಕ. ಆಮೇಲೆ ಯಾರಿಗೆ ಹೇಳೋದು? ಅಮ್ಮ ಹೊರಗೆ ಬಂದು ಇವರೆಲ್ಲರ ಮುಂದೆ ಹೇಳ್ಲಿ, ಆ ನೆಗ್ಗು ಯಾವ ಯುದ್ಧದ್ದು ಅಂತ. ಹೇಳಿದ್ರೆ ಸೈಕಲ್ ಇವರದೇ, ತಲೆ ಮೇಲೆ ಹೊತ್ಕೊಂಡು ಹೋಗ್ಲಿ. ಹೇಳದಿದ್ರೆ ಗಾಡಿ ಹೊರಡೋ ಮುಂಚೆ ಇದನ್ನ ಪುಡಿಪುಡಿ ಮಾಡ್ತೀನಿ. ಅಡ್ಡ ಬಂದೋರನ್ನೂ."

ಅಡ್ಡ ಬರುವ ಉಮೇದು ಖಾಕಿಯವರಲ್ಲಿ ಯಾರಿಗೂ ಇದ್ದಂತೆ ಕಾಣಲಿಲ್ಲ. ಮೇಜರ್ ಒಬ್ಬನೇ ಕರವಸ್ತ್ರದಿಂದ ತುಟಿ ಒತ್ತಿಕೊಂಡು, ನೆಲದಲ್ಲಿ ಬಿದ್ದ ಸೈಕಲ್ಲಿನ ಪಕ್ಕ ಕುಕ್ಕರಗಾಲಲ್ಲಿ ಕೂತು, ಅದರ ಮೇಲಿನ ಕೊಳವೆಯ ನೆಗ್ಗನ್ನು ಬೆರಳಿಂದ ಸವರಿ ನೋಡಿದ. ನೆಗ್ಗು ಇದ್ದಹಾಗೇ ಇತ್ತು.

*

ಕ್ಷೌರಿಕ ಹುಡುಗನಾಗಿದ್ದಾಗ ಸೈನ್ಯಕ್ಕೆ ಸೇರಲು ಹೋಗಿದ್ದ. ಎದೆಯ ಅಳತೆ ಒಂದು ಬೆರಳು ಕಮ್ಮಿಯಾಯಿತೆಂದು ವಾಪಸ್ಸು ಕಳಿಸಿದ್ದರು. ಬಂದು ಅಪ್ಪನ ಅಂಗಡಿಯಲ್ಲಿ ಕತ್ತಿ ಹಿಡಿದ. ಆ ಒಂದು ಬೆರಳಿನ ಸಿಟ್ಟು ಅವನ ಮೈಯಲ್ಲಿ ಬೂದಿ ಮುಚ್ಚಿದ ಕೆಂಡದ ಹಾಗೆ ಉಳಿಯಿತು.

ಅಂಗಡಿಯಲ್ಲಿ ಅದು ಯಾರಿಗೂ ಕಾಣುತ್ತಿರಲಿಲ್ಲ. ಅಲ್ಲಿ ಅವನು ನಗಿಸುತ್ತಿದ್ದ, ಬಡವರಿಂದ ದುಡ್ಡು ತೆಗೆದುಕೊಳ್ಳುತ್ತಿರಲಿಲ್ಲ, ಕಾಯಿಲೆ ಬಿದ್ದವರ ಮನೆಗೆ ತಾನೇ ಹೋಗಿ ಗಡ್ಡ ಹೆರೆದು ಬರುತ್ತಿದ್ದ. ಇಡೀ ಊರಿನ ಕೊರಳು ಅವನ ಕತ್ತಿಯ ಕೆಳಗೆ ಹಾದುಹೋಗಿತ್ತು, ಒಂದು ಗೀರು ಬಿದ್ದ ದಾಖಲೆ ಇಲ್ಲ. ಅವನ ಕೈಯಲ್ಲಿ ಕತ್ತಿ ಇದ್ದಾಗ ಯಾರಿಗೂ ಭಯವಿರಲಿಲ್ಲ. ಕೈ ಖಾಲಿ ಇದ್ದಾಗಲೇ ಅಪಾಯ. ಮನೆಗೆ ಮಾರಿ, ಊರಿಗೆ ಉಪಕಾರಿ ಎಂಬ ಮಾತನ್ನು ಅವನನ್ನು ನೋಡಿಯೇ ಕಟ್ಟಿರಬೇಕು ಎಂದು ಹೆಂಡತಿ ಒಳಗೊಳಗೇ ಅಂದುಕೊಳ್ಳುತ್ತಿದ್ದಳು. ಬಾಯಿಬಿಟ್ಟು ಹೇಳುವ ಹಾಗಿರಲಿಲ್ಲ.

ಅನ್ನ ಬಿಸಿಯಾಗಿದ್ದರೆ ತಟ್ಟೆ ಗೋಡೆಗೆ ಹೋಗುತ್ತಿತ್ತು, ತಣ್ಣಗಿದ್ದರೆ ಅವಳ ಮುಖಕ್ಕೆ. ಮಗಳ ಕೆನ್ನೆಗೆ ಒಮ್ಮೆ ಬಾರಿಸಿದ ಏಟಿಗೆ ಕಿವಿಯಿಂದ ರಕ್ತ ಬಂದು, ಆ ಕಿವಿ ಇವತ್ತಿಗೂ ಅರ್ಧ ಮಂದ. ಮಗನಿಗೆ ಹೊಡೆಯಲು ಕಾರಣ ಬೇಕಿರಲಿಲ್ಲ. ಚಪ್ಪಲಿ ಜೋಡಿಸಿಡಲಿಲ್ಲ, ಜೋರಾಗಿ ನಕ್ಕ, ನಗಲಿಲ್ಲ. ಹೊಡೆದು ಮುಗಿಸಿದ ಮೇಲೆ ಅವನು ಕೈ ತೊಳೆದುಕೊಂಡು ಹಿಂದಿನ ಕೋಣೆಗೆ ಹೋಗುತ್ತಿದ್ದ. ಅಲ್ಲಿ ಆ ಸೈಕಲ್ಲು ಇತ್ತು.

ಹಳೇ ಕಬ್ಬಿಣ ಕೊಳ್ಳುವವನೊಬ್ಬ ಗಡ್ಡ ಹೆರೆಸಿಕೊಳ್ಳುತ್ತ ಆಡಿದ ಮಾತಿನಿಂದ ಅದು ಸಿಕ್ಕಿತ್ತು. ನಡುವೆ ಎರಡು ನಟ್ಟು. ಉಪಕರಣ ಬೇಡ, ಬೆರಳಲ್ಲೇ ತಿರುಗಿಸಿ ಸಡಿಲಿಸಿದರೆ ಸೈಕಲ್ಲು ಪುಸ್ತಕದ ಹಾಗೆ ಮಡಚಿಕೊಳ್ಳುತ್ತದೆ. ಸಿಪಾಯಿ ಅದನ್ನು ಮೈಗೆ ಕಟ್ಟಿಕೊಂಡು ವಿಮಾನದಿಂದ ಧುಮುಕುತ್ತಿದ್ದ. ನೆಲಕ್ಕಿಳಿದು, ಬಿಚ್ಚಿ, ಹತ್ತಿ, ಸದ್ದಿಲ್ಲದೆ ಶತ್ರುವಿನ ಊರೊಳಗೆ ಹೋಗುತ್ತಿದ್ದ. ಎಣ್ಣೆ ಬೇಡ, ಮೇವು ಬೇಡ, ಕೆನೆಯುವುದಿಲ್ಲ, ಗುಡುಗುವುದಿಲ್ಲ. ಸಂಘದವರೆಲ್ಲ ಮರುಳಾಗಿದ್ದು ಇದಕ್ಕೇ. ಕೊಲ್ಲಲು ಹೊರಟವನು ಮಗುವಿನ ಹಾಗೆ ಪೆಡಲ್ ತುಳಿದುಕೊಂಡು ಹೋಗುತ್ತಿದ್ದನಲ್ಲ ಎಂಬುದನ್ನು ನೆನೆಸಿಕೊಂಡರೆ ಅವರಿಗೆ ಮೈ ಜುಮ್ಮೆನ್ನುತ್ತಿತ್ತು.

ಆ ಸಂಘದಲ್ಲಿ ಒಂದು ಕಟ್ಟಳೆ ಇತ್ತು. ಮುರಿದದ್ದನ್ನು ಸರಿಮಾಡಬಹುದು, ತುಕ್ಕಿಗೆ ಎಣ್ಣೆ ಹಚ್ಚಬಹುದು, ಆದರೆ ಹುಟ್ಟುಬಣ್ಣವನ್ನು ಮಾತ್ರ ಮುಟ್ಟುವಂತಿಲ್ಲ. ಬಣ್ಣ ಎದ್ದಿದ್ದರೆ ಏಳಲಿ, ಸಿಪ್ಪೆ ಸುಲಿದರೆ ಸುಲಿಯಲಿ. ಹೊಸ ಬಣ್ಣ ಬಳಿದ ಸೈಕಲ್ಲು ಅವರ ಪಾಲಿಗೆ ಸತ್ತ ಸೈಕಲ್ಲು. ಒಣಗಿದ ಪಾಚಿಯಂಥ ಆ ಮಾಸಲು ಬಣ್ಣದ ಚೂರೊಂದು ಉದುರಿದರೂ ಕ್ಷೌರಿಕ ಅದನ್ನು ಬೆರಳ ತುದಿಯಲ್ಲಿ ಎತ್ತಿ ಡಬ್ಬಿಯಲ್ಲಿಡುತ್ತಿದ್ದ. ಅಷ್ಟು ಮೆತ್ತಗೆ ಅವನು ಮನೆಯಲ್ಲಿ ಬೇರೆ ಯಾವುದನ್ನೂ ಮುಟ್ಟಿದ್ದಿಲ್ಲ.

*

ಒಳಗೆ ಕಾಲಿಡಲು ಜಾಗವಿರಲಿಲ್ಲ. ನಡುಮನೆಯಲ್ಲಿ ಹೆಣದ ಪೆಟ್ಟಿಗೆ, ಸುತ್ತ ಕುರ್ಚಿಗಳು. ಅಂಗಡಿಯ ಆಳು ಬೆಳಿಗ್ಗೆಯೇ ಬಂದು ಯಜಮಾನನಿಗೆ ಕೊನೆಯ ಸಲ ಗಡ್ಡ ಹೆರೆದು ಹೋಗಿದ್ದ. ಗಲ್ಲದ ಕೆಳಗೆ ಒಂದು ಕಡೆ ಕತ್ತಿ ತಗುಲಿತ್ತು. ಚರ್ಮ ಬಾಯಿಬಿಟ್ಟಿತ್ತು, ರಕ್ತ ಬಂದಿರಲಿಲ್ಲ. ಅಮ್ಮ ಅದನ್ನೇ ನೋಡುತ್ತ ಕೂತಿದ್ದಳು.

"ಎಂಥಾ ನಗುಮುಖ! ಒಂದು ಇರುವೆಗೂ ನೋವು ಮಾಡಿದ ಜೀವ ಅಲ್ಲ," ಎಂದು ಪಕ್ಕದ ಮನೆಯಾಕೆ ಮೂಗು ಒರೆಸಿಕೊಂಡಳು.

"ಸತ್ತ ಎಮ್ಮೆಗೆ ಹತ್ತು ಸೇರು ಹಾಲು," ಅಮ್ಮನನ್ನು ಕರೆಯಲು ಒಳಗೆ ಬಂದಿದ್ದ ಮಗಳು ಗೊಣಗಿದಳು. ಅಮ್ಮ ಕಣ್ಣಲ್ಲೇ ಗದರಿದಳು.

ಪಕ್ಕದ ಮನೆಯಾಕೆ ನೀರು ತರಲು ಎದ್ದವಳು ಅಡುಗೆಮನೆಯ ಬಾಗಿಲಲ್ಲಿ ಕಾಲು ಎಡವಿ, ಹೆಬ್ಬೆರಳು ಹಿಡಿದುಕೊಂಡು ಕುಂಟಿದಳು. "ಅಯ್ಯೋ, ಸುತ್ತಿಗೆನ ಯಾರು ಇಲ್ಲಿ ಇಟ್ಟಿದ್ದು? ಸಾವಿನ ಮನೆ, ಹತ್ತಾರು ಜನ ಓಡಾಡ್ತಾರೆ, ತೆಗೆದು ಮೂಲೆಗಿಡಬಾರದಾ?"

"ಬಾಗಿಲು ಬಡ್ಕೊಳ್ಳುತ್ತೆ, ಅದಕ್ಕೆ ಒತ್ತು ಕೊಟ್ಟಿರೋದು," ಎಂದಳು ಅಮ್ಮ. "ಅದು ಅಲ್ಲೇ ಇರ್ಲಿ."

ಅಷ್ಟರಲ್ಲಿ ಮಗ ಅಗುಳಿ ಹಿಡಿದೇ ಒಳಗೆ ಬಂದ. ಕುರ್ಚಿಗಳು ತಾವಾಗಿ ಹಿಂದೆ ಸರಿದವು. ಪಕ್ಕದ ಮನೆಯಾಕೆ ನೀರಿನ ಆಸೆ ಬಿಟ್ಟು ಹೊರಗೆ ನಡೆದಳು, ಅವಳ ಹಿಂದೆ ಉಳಿದವರೂ ಹೋದರು. ಮಗ ಪೆಟ್ಟಿಗೆಯ ಇನ್ನೊಂದು ಬದಿಗೆ ನಿಂತು ಅಪ್ಪನ ಮುಖವನ್ನು ಮೊದಲ ಸಲ ನೋಡಿದ. ಎಷ್ಟು ಚಿಕ್ಕ ಮುಖ ಎನ್ನಿಸಿತು ಅವನಿಗೆ. ಈ ಮುಖಕ್ಕೆ ಹೆದರಿ ತಾನು ಹಾಸಿಗೆ ಒದ್ದೆ ಮಾಡಿಕೊಳ್ಳುತ್ತಿದ್ದೆನಲ್ಲ ಎಂದು ನಾಚಿಕೆಯಾಯಿತು, ನಾಚಿಕೆಯ ಹಿಂದೆಯೇ ಸಿಟ್ಟು ಬಂತು.

"ನೀನು ಹೇಳ್ತೀಯಾ, ನಾನು ಒಡೀಲಾ?"

"ಏನಂತ ಹೇಳ್ಲಿ?" ಅಮ್ಮನ ದನಿ ಕೇಳಿಸುವಂತಿರಲಿಲ್ಲ. "ಗಂಡನ್ನ ಕೊಲ್ಲೋಕೆ ಹೋಗಿದ್ದೆ ಅಂತ ಹೇಳ್ಲಾ? ಅವರ ಹೆಣದ ಮುಂದೆ? ಅಷ್ಟು ಜನರ ಎದುರಿಗೆ?"

"ನನ್ನ ಉಳಿಸೋಕೆ ಹೋಗಿದ್ದೆ ಅಂತ ಹೇಳು."

"ಹೇಗೆ ಹೇಳಿದ್ರೂ ಹೆಂಗಸರು ನನ್ನ ಕೈಯೇ ನೋಡ್ತಾರೆ ಕಣಪ್ಪಾ. ನಾಳೆ ಈ ಬೀದೀಲಿ ನಾನು ಹೇಗೆ ತಲೆ ಎತ್ತಿ ನಡೀಲಿ?"

"ಇಷ್ಟು ವರ್ಷ ತಲೆ ತಗ್ಗಿಸಿ ನಡೆದು ಏನು ಸಿಕ್ತಮ್ಮ?"

ಅಕ್ಕ ನಡುವೆ ಬಾಯಿ ಹಾಕಿದಳು. "ಅಷ್ಟು ಉರಿ ಇದ್ದಿದ್ರೆ ಅಪ್ಪ ಬದುಕಿದ್ದಾಗ ಬಂದು ಕೇಳಬೇಕಿತ್ತು. ಈಗ ಅಮ್ಮನ ಮೇಲೆ ಯಾಕೋ ಹಾರಾಡ್ತೀಯಾ? ಎತ್ತಿಗೆ ಜ್ವರ ಬಂದ್ರೆ ಎಮ್ಮೆಗೆ ಬರೆಯಾ?"

"ಬಂದಿದ್ದೆ," ಎಂದ ಮಗ. "ನಿಮಗ್ಯಾರಿಗೂ ಗೊತ್ತಿಲ್ಲ. ಆ ಸಂಘದ ಪ್ರದರ್ಶನಕ್ಕೆ ಬಂದಿದ್ದೆ. ಹಿಂದೆ ನಿಂತಿದ್ದೆ. ಅಪ್ಪ ಸೈಕಲ್ ಪಕ್ಕ ನಿಂತು ಕತೆ ಹೇಳ್ತಿದ್ದ. ಜನರ ತಲೆ ಮೇಲಿಂದ ನನ್ನ ನೋಡಿದ. ನನ್ನ ಕೈ ನೋಡಿದ. ನೋಡ್ತಾ ನೋಡ್ತಾನೇ ಗುಂಡಿನ ಚೂರು ಅಂದ. ಒಂದು ಸಲನೂ ತೊದಲಲಿಲ್ಲ. ನಾನು ಹಾಗೇ ತಿರುಗಿ ಬಸ್ ಹತ್ತಿದೆ."

ಅಂಥ ಎಲ್ಲ ಪ್ರದರ್ಶನಗಳಿಗೂ ಅಮ್ಮ ಹೋಗುತ್ತಿದ್ದಳು, ಬಂದವರಿಗೆಲ್ಲ ಟೀ ಕೊಡುತ್ತಿದ್ದಳು. ಗಂಡನ ಬಾಯಲ್ಲಿ 'ಈ ನೆಗ್ಗಿದೆಯಲ್ಲ' ಎಂಬ ಮಾತು ಬಂದ ಕೂಡಲೇ ಖಾಲಿ ಲೋಟಗಳನ್ನು ಬಾಚಿಕೊಂಡು ತೊಳೆಯಲು ಎದ್ದುಹೋಗುತ್ತಿದ್ದಳು. ಲೋಟ ತುಂಬಿದ್ದರೆ ಟೀ ಚೆಲ್ಲಿಯಾದರೂ ತೊಳೆಯಲು ಹೋಗುತ್ತಿದ್ದಳು. ಆ ಕತೆ ಎಲ್ಲಿ ಮುಗಿಯುತ್ತದೆಂದು ಅವಳಿಗೆ ಇವತ್ತಿನವರೆಗೂ ಗೊತ್ತಿರಲಿಲ್ಲ. ಅವನು ತನ್ನನ್ನು ಕಾಪಾಡುತ್ತಿದ್ದಾನೋ ಹಂಗಿಸುತ್ತಿದ್ದಾನೋ ಎಂದು ಕೇಳುವ ಧೈರ್ಯವೂ ಆಗಿರಲಿಲ್ಲ.

*

ಮಗ ಆಗ ಇನ್ನೂ ಚಿಕ್ಕ ಶಾಲೆಯಲ್ಲಿದ್ದ. ಅಪ್ಪ ಸೈಕಲ್ಲಿನ ಮುಂದೆ ಕೂತು ಉದುರಿದ ಬಣ್ಣದ ಚೂರುಗಳನ್ನು ನೋಡಿ ನಿಟ್ಟುಸಿರು ಬಿಡುವುದನ್ನು ಅವನು ಬಾಗಿಲ ಸಂದಿಯಿಂದ ಎಷ್ಟೋ ಸಲ ನೋಡಿದ್ದ. ಬಣ್ಣ ಹೋಗುತ್ತಿದೆಯೆಂದು ಅಪ್ಪನಿಗೆ ಬೇಜಾರು ಎಂದು ಅವನಿಗೆ ಅರ್ಥವಾಗಿತ್ತು. ಆ ಮಟ್ಟಿಗೆ ಅವನು ತಪ್ಪು ತಿಳಿದಿರಲಿಲ್ಲ.

ಗೇಟಿಗೆ ಬಳಿದು ಉಳಿದ ಹಸಿರು ಬಣ್ಣದ ಡಬ್ಬಿ ಮನೆಯಲ್ಲಿತ್ತು. ರಜಾದಿನ ಅಪ್ಪ ಅಂಗಡಿಗೆ ಹೋದ ಮೇಲೆ ಮಗ ಸೈಕಲ್ಲನ್ನು ಅಂಗಳಕ್ಕೆ ತಂದು, ಮೊದಲು ಮರಳುಕಾಗದ ಹಾಕಿ ತಿಕ್ಕಿದ. ಆಮೇಲೆ ಒಂದು ಕಡ್ಡಿ ಬಿಡದೆ, ಒಂದು ಕೊಂಡಿ ಬಿಡದೆ ಹಸಿರು ಬಳಿದ. ಒಣಗುವವರೆಗೆ ಕಾದು ಇನ್ನೊಂದು ಕೈ ಕೊಟ್ಟ. ಕೆಲಸ ನಿಜಕ್ಕೂ ಚೆನ್ನಾಗಿತ್ತು. ಎಲ್ಲೂ ಸೋರಿರಲಿಲ್ಲ. ಮುಗಿಸಿ, ಮೂಗಿನ ಮೇಲೂ ಹಸಿರು ಮಾಡಿಕೊಂಡು, ಅಪ್ಪ ಬರುವ ದಾರಿ ನೋಡುತ್ತ ಗೇಟಿನಲ್ಲಿ ನಿಂತ. ಆ ಮನೆಯಲ್ಲಿ ಅಪ್ಪ ಬರಲಿ ಎಂದು ಯಾರಾದರೂ ಕಾದದ್ದು ಅದೊಂದೇ ದಿನ.

ಅಪ್ಪ ಬಂದ. ಸೈಕಲ್ಲಿನ ಮುಂದೆ ನಿಂತ. ಹೆಬ್ಬೆರಳನ್ನು ಕೊಳವೆಯ ಮೇಲೆ ಒತ್ತಿ, ಎತ್ತಿ, ಅಂಟಿಕೊಂಡ ಹಸಿರನ್ನು ನೋಡಿದ. ಅದನ್ನು ನಿಧಾನವಾಗಿ ಮಗನ ಅಂಗಿಗೇ ಒರೆಸಿದ.

"ಚೆನ್ನಾಗಿದೆಯಾ ಅಪ್ಪ?" ಎಂದು ಮಗ ಕೇಳಿದ.

ಅಪ್ಪ ಸೈಕಲ್ಲಿನ ಕೊಂಡಿಗೆ ಸಿಕ್ಕಿಸಿದ್ದ ಗಾಳಿ ಪಂಪನ್ನು ಕಿತ್ತುಕೊಂಡ. ಅದು ಸೈನ್ಯಕ್ಕಾಗಿ ಮಾಡಿದ ಉಕ್ಕಿನ ಪಂಪು. ಮೊದಲ ಏಟು ಬೆನ್ನಿಗೆ, ಎರಡನೆಯದು ತೊಡೆಗೆ. ಆಮೇಲೆ ಲೆಕ್ಕವಿರಲಿಲ್ಲ. ಹುಡುಗ ಎಡಗೈ ಅಡ್ಡ ಹಿಡಿದ, ಮೊಣಕೈಯ ಮೂಳೆ ಒಣಕಟ್ಟಿಗೆಯ ಹಾಗೆ ಲಟಕ್ಕೆಂದಿತು. ಸದ್ದು ಕೇಳಿಯೂ ಪಂಪು ನಿಲ್ಲಲಿಲ್ಲ. ಹುಡುಗ ಸೈಕಲ್ಲಿನ ಹಿಂದಿನ ಮೂಲೆಗೆ ತೆವಳಿಕೊಂಡು ಹೋದ, ಅಪ್ಪ ಅಲ್ಲಿಗೂ ಹೋದ. ಅಕ್ಕ ಬಾಗಿಲಲ್ಲಿ ನಿಂತು ಕಿವಿ ಮುಚ್ಚಿಕೊಂಡು ಕಿರುಚುತ್ತಿದ್ದಳು. ಹುಡುಗನ ಬಾಯಿಂದ ರಕ್ತ ಬಂದು, ನೆಲದ ಮೇಲಿನ ಹಸಿರು ಹನಿಗಳ ಜತೆ ಕಲಸಿಹೋಯಿತು.

ಅಮ್ಮ ಅಡುಗೆಮನೆಯಿಂದ ಬಂದಾಗ ಅವಳ ಕೈಯಲ್ಲಿ ಇದ್ದಿಲು ಒಡೆಯುವ ಸುತ್ತಿಗೆ ಇತ್ತು. ಚೌಕ ಮುಖದ ಭಾರದ ಸುತ್ತಿಗೆ, ಒಂದು ಮೂಲೆ ಮುಕ್ಕಾಗಿತ್ತು. ಹೆದರಿಸಲು ಎತ್ತಿದ್ದೆ ಎಂದು ಆಮೇಲೆ ಅವಳು ತನಗೇ ಎಷ್ಟೋ ಸಲ ಹೇಳಿಕೊಂಡಳು, ಆದರೆ ಅದು ಸುಳ್ಳೆಂದು ಅವಳಿಗೆ ಗೊತ್ತಿತ್ತು. ಗಂಡನ ತಲೆಯನ್ನು ನೋಡಿಕೊಂಡೇ, ಎರಡೂ ಕೈಯಲ್ಲಿ, ಇದ್ದ ಬಲವನ್ನೆಲ್ಲ ಹಾಕಿ ಬೀಸಿದಳು. ಅವನು ತಿರುಗಿ ನೋಡಿದ. ಕೈಗೆ ಸಿಕ್ಕಿದ್ದು ಸೈಕಲ್ಲು. ಅದನ್ನೇ ಎತ್ತಿ ತಲೆಯ ಮೇಲೆ ಅಡ್ಡ ಹಿಡಿದ.

ಸುತ್ತಿಗೆ ಮೇಲಿನ ಕೊಳವೆಗೆ ಬಿತ್ತು. ಅವನು ಕುಸಿದು ಕೂತ. ಹೊಸ ಹಸಿರಿನ ನಡುವೆ, ಅವನ ಹಣೆಯಿಂದ ಅಂಗೈಯಷ್ಟು ಮೇಲೆ, ಆಳವಾದ ನೆಗ್ಗು. ತಲೆಬುರುಡೆ ಎಲ್ಲಿ ಗಟ್ಟಿ, ಎಲ್ಲಿ ತೆಳು ಎಂದು ಕ್ಷೌರಿಕನಿಗೆ ಯಾರೂ ಹೇಳಿಕೊಡಬೇಕಿಲ್ಲ. ಅವನು ನೆಗ್ಗನ್ನು ನೋಡಿದ, ಹೆಂಡತಿಯನ್ನು ನೋಡಿದ. ಅವಳು ಮತ್ತೆ ಸುತ್ತಿಗೆ ಎತ್ತಿ ನಿಂತಿದ್ದಳು. ಅವನು ಪಂಪನ್ನು ನೆಲದ ಮೇಲೆ ಇಟ್ಟ.

ಹುಡುಗನನ್ನು ಹೊತ್ತುಕೊಂಡು ಆಸ್ಪತ್ರೆಗೆ ಓಡಿದವನು ಅವನೇ. ಸೈಕಲ್ಲಿಂದ ಬಿದ್ದ ಎಂದು ಬರೆಸಿದ. ಹೆಂಡತಿಯೂ ಹೌದೆಂದಳು, ಮಗಳೂ ಹೌದೆಂದಳು. ಮೂಳೆ ಕೂಡಿತು, ಕೈ ಮಾತ್ರ ನೇರವಾಗಲಿಲ್ಲ.

ಆ ದಿನದ ನಂತರ ಅವನು ಯಾರ ಮೇಲೂ ಕೈ ಎತ್ತಲಿಲ್ಲ. ಅದರ ಮಾತೂ ಎತ್ತಲಿಲ್ಲ. ಸೀಮೆಎಣ್ಣೆ, ಹತ್ತಿ, ಉಗುರು ಹಾಕಿ ಗೇಟಿನ ಹಸಿರನ್ನು ಚೂರುಚೂರಾಗಿ ತೆಗೆದು, ಅದರ ಕೆಳಗೆ ಉಳಿದಿದ್ದಷ್ಟು ಹುಟ್ಟುಬಣ್ಣವನ್ನು ಹೊರತಂದ. ನೆಗ್ಗಿನ ಒಳಗಿನ ಹಸಿರನ್ನು ಮಾತ್ರ ಮುಟ್ಟಲಿಲ್ಲ. ಹೆಂಡತಿ ಆ ಸುತ್ತಿಗೆಯನ್ನು ಅಡುಗೆಮನೆಯ ಬಾಗಿಲಿಗೆ ಒತ್ತಿಟ್ಟಳು. ಊಟಕ್ಕೆ ಬರುವಾಗಲೂ ಹೋಗುವಾಗಲೂ ಅವನು ಅದನ್ನು ದಾಟಬೇಕಿತ್ತು. ದಾಟುತ್ತಿದ್ದ.

*

ಹೆಣದ ಗಾಡಿ ಬಂದು ಗೇಟಿನ ಹೊರಗೆ ನಿಂತಿತು. ಡ್ರೈವರ್ ಇಳಿದು, ರಕ್ತ ಹರಿದ ಖಾಕಿ ಬಟ್ಟೆಗಳನ್ನೂ ಅಗುಳಿ ಇಲ್ಲದ ಗೇಟನ್ನೂ ನೋಡಿ, ಮತ್ತೆ ಹತ್ತಿ ಕೂತು ಬಾಗಿಲು ಹಾಕಿಕೊಂಡ.

ಮೇಜರ್‌ನ ತುಟಿ ಊದಿ ಬದನೆಕಾಯಿಯಾಗಿತ್ತು. ಆದರೂ ಅವನು ಮಡಚಿದ ಸೈಕಲ್ಲನ್ನು ಎದೆಗೆ ಅವಚಿಕೊಂಡು ಅಂಗಳದ ನಡುವೆ ನಿಂತ. ಒಳಗಿಂದ ಅಮ್ಮ ಬಾಗಿಲಿಗೆ ಬಂದಳು, ಅವಳ ಹಿಂದೆ ಮಗ.

"ಅತ್ತಿಗೆ, ನಿಮ್ಮ ಮಗನ ಮೇಲೆ ನನಗೆ ಸಿಟ್ಟಿಲ್ಲ," ಎಂದ ಮೇಜರ್. "ಅಪ್ಪನ್ನ ಕಳಕೊಂಡ ಸಂಕಟ. ಆದರೆ ಕ್ಯಾಪ್ಟನ್ ಈ ಸೈಕಲ್ಲನ್ನ ಎಷ್ಟು ಜೋಪಾನ ಮಾಡಿದ್ದ ಅಂತ ಇವನಿಗೆ ಗೊತ್ತಿಲ್ಲ. ಈ ನೆಗ್ಗು ನೋಡಿ. ಒಳಗೆ ಹಸಿರು ಇದೆ. ಈ ಸೈನ್ಯದ್ದು ಇಂಥ ಹಸಿರು ಅಲ್ಲ. ಅಂದರೆ ಶತ್ರುಗಳು ಇದನ್ನ ವಶ ಮಾಡ್ಕೊಂಡು ತಮ್ಮ ಬಣ್ಣ ಬಳಿದಿದ್ರು. ಮಧ್ಯದಲ್ಲಿ ಅಕ್ಕಿಕಾಳಿನಷ್ಟು ಉಬ್ಬು ಬೇರೆ ಇದೆ. ಅಂಥ ಗುರುತು ಬೀಳಿಸೋ ಗುಂಡು ಯಾವುದು ಅಂತ ನಾನು ವರ್ಷಗಟ್ಟಲೆ ಹುಡುಕಿದ್ದೀನಿ. ಇನ್ನೂ ಸಿಕ್ಕಿಲ್ಲ."

ಮಗ ಕೆಟ್ಟದಾಗಿ ನಕ್ಕ. ಖಾಕಿಯವರಲ್ಲಿ ಒಬ್ಬ ಹಿಂದೆ ಸರಿದ.

"ಸಿಪಾಯಿ ಇದನ್ನ ಹೀಗೆ ಎತ್ತಿ ತಲೆಗೆ ಅಡ್ಡ ಹಿಡಿದ," ಮೇಜರ್ ಬಿಡದೆ ಮುಂದುವರಿಸಿದ. "ಹಿಡೀದಿದ್ರೆ ತಲೆ ಹೋಳಾಗ್ತಿತ್ತು. ಕ್ಯಾಪ್ಟನ್ ಇದನ್ನ ಹೇಳುವಾಗೆಲ್ಲ..."

ಅಮ್ಮನ ಕೈ ತಾನಾಗಿ ಅತ್ತಿತ್ತ ಲೋಟ ಹುಡುಕಿತು. ಸಾವಿನ ಮನೆಯಲ್ಲಿ ಯಾರೂ ಟೀ ಮಾಡಿರಲಿಲ್ಲ. ಅವಳು ಸೆರಗನ್ನು ಮುಷ್ಟಿಯಲ್ಲಿ ಹಿಡಿದು ನಿಂತಲ್ಲೇ ನಿಂತಳು.

"ಆಮೇಲೆ?" ಎಂದಳು.

"ಏನು ಅತ್ತಿಗೆ?"

"ಕತೆ. ಆಮೇಲೆ ಏನಾಯ್ತು ಅಂತಿದ್ರು?"

"ನಿಮಗೆ ಗೊತ್ತಿಲ್ವಾ? ಎಷ್ಟು ಸಲ ಹೇಳಿದಾನೆ!" ಮೇಜರ್‌ಗೆ ನಿಜಕ್ಕೂ ಆಶ್ಚರ್ಯವಾಯಿತು. "ಆ ಸಿಪಾಯಿ ಮತ್ತೆ ಯಾರ ಮೇಲೂ ಕೈ ಎತ್ತಲಿಲ್ಲವಂತೆ. ಬದುಕಿರೋವರೆಗೂ. ನಾವು ಕೇಳ್ತಿದ್ವಿ, ಅಲ್ಲಪ್ಪಾ, ಹೊಡೆದೋರ ಮೇಲೆ ಅವನಿಗೆ ಸಿಟ್ಟು ಬರಲಿಲ್ವಾ ಅಂತ. ಕ್ಯಾಪ್ಟನ್ ಅಂತಿದ್ದ, ಹೊಡೆದೋರದ್ದು ಏನೂ ತಪ್ಪಿಲ್ಲ, ಅವರ ಮನೆಗೆ ನುಗ್ಗಿದ್ದು ಇವನೇ. ಆ ಏಟು ನ್ಯಾಯವಾದ ಏಟು, ತಡವಾಗಿ ಬಿತ್ತು ಅನ್ನೋದೇ ಅವನ ದುಃಖ, ಅಂತಿದ್ದ. ನಿನಗೆ ಹೇಗೆ ಗೊತ್ತು ಅಂದ್ರೆ ಕತ್ತಿ ಮಸೆಯೋಕೆ ಶುರು ಮಾಡ್ತಿದ್ದ."

ಅಕ್ಕ ಬಾಯಿಗೆ ಕೈ ಒತ್ತಿಕೊಂಡಳು.

ಮೊದಲು ಸದ್ದು ಹೊರಡಿಸಿದವನು ಮಗ. ಅದು ಅಳುವೂ ಅಲ್ಲ, ಬೈಗುಳವೂ ಅಲ್ಲ. ಅವನು ಗೋಡೆಗೆ ಒರಗಿದ್ದ ಸೈಕಲ್ಲುಗಳ ಮೇಲೆ ನುಗ್ಗಿದ. ಅಗುಳಿಯ ಮೊದಲ ಏಟಿಗೆ ಒಂದು ಚಕ್ರದ ಕಡ್ಡಿಗಳು ಟಣಟಣನೆ ಮುರಿದವು. ಇನ್ನೊಂದರ ದೀಪ ಪುಡಿಯಾಯಿತು. ತಡೆಯಲು ಬಂದವನ ಭುಜಕ್ಕೆ ಬಿದ್ದ ಏಟಿಗೆ ಅವನು ಹಾ ಎಂದು ಕೂತ.

"ಊರಿಗೆಲ್ಲ ಹೇಳಿದ್ದಾನೆ!" ಮಗ ಹೊಡೆಯುತ್ತಲೇ ಕಿರುಚಿದ. "ಗಡ್ಡಕ್ಕೆ ಸೋಪು ಹಚ್ಚಿಸ್ಕೊಂಡು ಕೂತೋರಿಗೆಲ್ಲ ಹೇಳಿದ್ದಾನೆ! ಸಿಪಾಯಿಯಂತೆ! ನನ್ನ ಹತ್ರ ಹೇಳೋಕೆ ಬಾಯಿ ಬರಲಿಲ್ವಾ ಅವನಿಗೆ? ಅಮ್ಮನ ಹತ್ರ? ಒಂದೇ ಒಂದು ಸಲ?"

ಅವನು ಮೇಜರ್ ಕಡೆಗೆ ತಿರುಗಿದ. ಮೇಜರ್ ಓಡಲಿಲ್ಲ. ಓಡಿದರೆ ಸೈಕಲ್ಲು ಬಿಟ್ಟು ಓಡಬೇಕಿತ್ತು. ಅಗುಳಿ ಮೇಲೇರಿದಾಗ, ಆ ಮುದುಕ ತನಗೆ ತಿಳಿದ ಒಂದೇ ಕೆಲಸ ಮಾಡಿದ. ಸೈಕಲ್ಲನ್ನು ಎತ್ತಿ ತಲೆಯ ಮೇಲೆ ಅಡ್ಡ ಹಿಡಿದ.

ಅಮ್ಮ ನೋಡಿದಳು. ಅದೇ ಅಂಗಳ, ಅದೇ ಸೈಕಲ್ಲು, ಅದರ ಕೆಳಗೆ ಕಣ್ಣು ಮುಚ್ಚಿಕೊಂಡ ಒಂದು ತಲೆ. ಎತ್ತಿದ ಕೈ ಮಾತ್ರ ಈ ಸಲ ಅವಳದಲ್ಲ. ಆ ಕೈಯ ಮೇಲೆ ಗಂಡನ ಅದೇ ಮೂಳೆ, ಅದೇ ನರಗಳು ಉಬ್ಬಿದ್ದವು.

"ಇಳಿಸೋ ಕೈ!"

ಆ ಮನೆಯಲ್ಲಿ ಅವಳು ಅಷ್ಟು ಜೋರಾಗಿ ಕೂಗಿದ್ದನ್ನು ಯಾರೂ ಕೇಳಿರಲಿಲ್ಲ. ಮಗನ ಕೈ ಮೇಲೆಯೇ ನಿಂತಿತು.

"ನೀನೂ ಅವನೇ ಆಗ್ತೀಯಾ? ಇಳಿಸು. ನಾನು ಹೇಳ್ತೀನಿ."

ಅವಳು ಒಳಗೆ ಹೋದಳು. ನಡುಮನೆಯಲ್ಲಿ ಪೆಟ್ಟಿಗೆಯ ಪಕ್ಕ ಹಾದುಹೋಗುವಾಗ ಒಂದು ಕ್ಷಣ ನಿಂತಳು. "ನನ್ನ ಹತ್ರನೇ ಹೇಳಬೇಕಿತ್ತು," ಎಂದಳು ಹೆಣಕ್ಕೆ. ಆಗ ಅವಳಿಗೆ ಅಳು ಬಂತು. ಕರುಣೆಯಿಂದಲೋ, ಸಿಟ್ಟಿನಿಂದಲೋ, ಅವಳಿಗೇ ತಿಳಿಯಲಿಲ್ಲ. ಅಡುಗೆಮನೆಯ ಬಾಗಿಲು ದಡ್ಡನೆ ಮುಚ್ಚಿಕೊಂಡ ಸದ್ದು ಹೊರಗಿದ್ದವರಿಗೆ ಕೇಳಿಸಿತು.

ಬಂದಾಗ ಅವಳ ಕೈಯಲ್ಲಿ ಸುತ್ತಿಗೆ ಇತ್ತು. ಮಗ ಅದನ್ನು ನೋಡಿ ಅಗುಳಿಯನ್ನು ಕೆಳಗೆ ಬಿಟ್ಟ. ಅವನ ಬಲಗೈ ಎಡಗೈಯ ಮಡಚಿದ ಮೊಣಕೈಯನ್ನು ಹಿಡಿದುಕೊಂಡಿತು.

"ಸೈಕಲ್ ಕೆಳಗಿಡಿ ಡಾಕ್ಟ್ರೇ," ಎಂದಳು ಅಮ್ಮ. "ನೆಗ್ಗು ಮೇಲೆ ಬರೋ ಹಾಗೆ."

ಮೇಜರ್ ಇಟ್ಟ. ಜನ ಸುತ್ತ ಬಂದು ನಿಂತರು. ಪಕ್ಕದ ಮನೆಯಾಕೆಯೂ ಕುಂಟುತ್ತ ಬಂದು ಅವರ ನಡುವೆ ತಲೆ ತೂರಿಸಿದಳು.

"ಹಸಿರು ಬಳಿದಿದ್ದು ಶತ್ರು ಅಲ್ಲ. ಇವನು. ಮಗು. ಅಪ್ಪನಿಗೆ ಖುಷಿ ಆಗ್ಲಿ ಅಂತ ಬಳಿದ. ಅದಕ್ಕೆ ಇವನ ಅಪ್ಪ ಇವನ ಕೈ ಮುರಿದ್ರು. ಇನ್ನೂ ಹೊಡೀತಾ ಇದ್ರು. ನಾನು ಬಂದು ಹೊಡೆದೆ. ಹೆದರ್ಸೋಕಲ್ಲ. ತಲೆಗೇ ಹೊಡೆದೆ."

ಅವಳು ಮಂಡಿಯೂರಿ ಕೂತು, ಸುತ್ತಿಗೆಯ ಮುಖವನ್ನು ನೆಗ್ಗಿನ ಮೇಲೆ ತಂದಳು. ಮೊದಲು ಕೂರಲಿಲ್ಲ. ಸ್ವಲ್ಪ ಓರೆ ಮಾಡಿದಳು. ಮುಕ್ಕಾದ ಮೂಲೆ ಅಕ್ಕಿಕಾಳಿನಷ್ಟು ಉಬ್ಬಿದ್ದ ಜಾಗ ಹುಡುಕಿಕೊಂಡು ಒಳಗಿಳಿಯಿತು. ಸಣ್ಣದಾಗಿ ಟಕ್ ಎಂದಿತು. ಕಬ್ಬಿಣಕ್ಕೂ ಕಬ್ಬಿಣಕ್ಕೂ ನಡುವೆ ಕೂದಲೆಳೆಯಷ್ಟು ಹಸಿರು ಮಾತ್ರ ಉಳಿಯಿತು.

ಅವಳು ಕೈ ಬಿಟ್ಟಳು. ಸುತ್ತಿಗೆ ಬೀಳಲಿಲ್ಲ.